ಕೊರಳಪಟ್ಟಿ ಓದಿದ ದಿನ

ಜನವರಿಯ ನೀರುಹಕ್ಕಿ ಗಣತಿಗೆ ಮುಂಚಿನ ರಾತ್ರಿ ನಾವೆಲ್ಲ ಊರಾಚೆಯ ತೋಟದ ಮನೆಯೊಂದರಲ್ಲಿ ತಂಗುತ್ತೇವೆ. ಊಟವಾದ ಮೇಲೆ ಅಂಗಳದಲ್ಲಿ ತೆಂಗಿನ ಮಟ್ಟೆ ಒಟ್ಟಿ ಬೆಂಕಿ ಹಾಕುವುದು ರೂಢಿ. ಹೊಸದಾಗಿ ಸೇರಿದ ಹುಡುಗರಿಗೆ ಪುಸ್ತಕ ತೋರಿಸಿ ಯಾವ ಹಕ್ಕಿ ಹೇಗಿರುತ್ತದೆ ಅಂತ ಹೇಳಿಕೊಡುವವರು ಬೇರೆ ಇದ್ದಾರೆ. ನನ್ನ ಪಾಲಿಗೆ ಬರುವುದು ಕಥೆ, ಅದರಲ್ಲೂ ಹದಿನಾರು ಕೆರೆಯ ಹೆಬ್ಬಾತಿನ ಕಥೆ. ಹಳಬರಿಗೆ ಅದು ಬಾಯಿಪಾಠವಾಗಿದೆ. ಆದರೂ ಯಾರೂ ಎದ್ದು ಹೋಗುವುದಿಲ್ಲ. ಅವರಿಗೆ ಹೇಳುವ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ಹದಿನಾರು ಇರುವುದು ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನಲ್ಲಿ. ಮೈಸೂರು ಅರಸರ ಮೂಲಪುರುಷ ಯದುರಾಯನ ಕಥೆಯಲ್ಲಿ ಬರುವ ಹದಿನಾಡು ಇದೇ ಎಂದು ಊರಿನವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಹಕ್ಕಿ ನೋಡುವ ನಮ್ಮಂಥವರಿಗೆ ಹದಿನಾರು ಅಂದರೆ ಅಲ್ಲಿಯ ಕೆರೆ, ಕೆರೆಗೆ ಚಳಿಗಾಲದಲ್ಲಿ ಬಂದಿಳಿಯುವ ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿ ತಲೆ, ಹಳದಿ ಕೊಕ್ಕು, ಕಿತ್ತಳೆ ಕಾಲು. ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಅಡ್ಡಪಟ್ಟೆ. ಆ ಎರಡು ಪಟ್ಟೆ ಕಂಡರೆ ಸಾಕು, ಬೇರೆ ಯಾವ ಹೆಬ್ಬಾತಿನ ಅನುಮಾನವೂ ಉಳಿಯುವುದಿಲ್ಲ. ಆ ವರ್ಷ ಹುಟ್ಟಿದ ಮರಿಗಳಿಗೆ ಮಾತ್ರ ಪಟ್ಟೆ ಮೂಡಿರುವುದಿಲ್ಲ, ನೆತ್ತಿ ಮಾಸಲು ಕಂದಾಗಿರುತ್ತದೆ.

ಆ ದಿನ ನಮ್ಮ ತಂಡದಲ್ಲಿ ಮೂವರಿದ್ದೆವು. ನಿವೃತ್ತರಾದ ಹೈಸ್ಕೂಲು ಮೇಷ್ಟ್ರು, ಬಿ.ಎಸ್ಸಿ. ಓದುತ್ತಿದ್ದ ಒಬ್ಬಳು ಹುಡುಗಿ, ಜೊತೆಗೆ ನಾನು. ಮೇಷ್ಟ್ರ ಹೆಗಲಲ್ಲಿ ಯಾವಾಗಲೂ ಒಂದು ಬಟ್ಟೆಚೀಲ. ಅದರಲ್ಲಿ ಗಟ್ಟಿ ರಟ್ಟಿನ ನೋಟ್‌ಬುಕ್ಕು, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ಸಿಲ್ಲು. ಮಂಜು ಬಿದ್ದರೆ ಇಂಕು ಹರಡುತ್ತದೆ, ಸೀಸ ಹರಡುವುದಿಲ್ಲ ಎನ್ನುತ್ತಿದ್ದರು. ಪ್ರತಿ ಪುಟದ ನಡುವೆ ಮೇಲಿಂದ ಕೆಳಗೆ ಒಂದು ಗೆರೆ ಎಳೆದಿರುತ್ತಿದ್ದರು. ಎಡಗಡೆ ಕಣ್ಣಾರೆ ಕಂಡದ್ದು. ಬಲಗಡೆ ಇನ್ನೊಬ್ಬರಿಂದ ಕೇಳಿದ್ದು, ತಾವು ಊಹಿಸಿದ್ದು, ಅನುಮಾನವಿರುವುದು. ಬಲಗಡೆಯ ಮಾತು ಎಡಗಡೆಗೆ ದಾಟಬೇಕಾದರೆ ಕಣ್ಣಿನ ಸಾಕ್ಷಿ ಬೇಕು. ದೂರದಲ್ಲಿ ಸಣ್ಣ ಗೊರವವೊಂದು ಓಡಿ ಮರೆಯಾದರೆ, ಬಾಯಿಗೆ ಬಂದ ಹೆಸರು ಬರೆಯಲು ಅವರು ಬಿಡುತ್ತಿರಲಿಲ್ಲ. "ಗೊರವದ ಜಾತಿ, ಯಾವುದೆಂದು ತಿಳಿಯಲಿಲ್ಲ" ಎಂದೇ ಬರೆಸುತ್ತಿದ್ದರು.

ಬೆಳಕು ಹರಿಯುವ ಮೊದಲೇ ಏರಿಯ ಮೇಲೆ ನಿಂತಿದ್ದೆವು. ಈ ಹೆಬ್ಬಾತುಗಳು ರಾತ್ರಿ ಹೊಲಗದ್ದೆಗಳಲ್ಲಿ ಮೇಯ್ದು, ಬೆಳಗಾಗುತ್ತಲೇ ಕೆರೆಗೆ ಮರಳಿ, ಹಗಲೆಲ್ಲ ನೀರಿನಲ್ಲೋ ದಡದ ಕೆಸರಿನಲ್ಲೋ ವಿಶ್ರಮಿಸುತ್ತವೆ. ಮೊದಲು ಕಿವಿಗೆ ಬಿದ್ದದ್ದು ಅವುಗಳ ಮೂಗುದನಿ. ಆಮೇಲೆ ಪೂರ್ವದ ಬೆಳಕಿನಲ್ಲಿ ಗೆರೆಗೆರೆಯಾಗಿ ಬಂದವು. ಕೆರೆಯ ಮೇಲೆ ಬರುತ್ತಿದ್ದಂತೆ ಸಾಲು ಮುರಿದು, ಕೆಲವು ಮೈಯನ್ನು ಓರೆ ಮಾಡಿ, ಕಾಲು ಮುಂದೆ ಚಾಚಿ ನೀರಿಗಿಳಿದವು. ಅಷ್ಟು ಹೊತ್ತು ಸುಮ್ಮನಿದ್ದ ನಾಮದ ಕೋಳಿಗಳು ಅತ್ತಿತ್ತ ಸರಿದು ಜಾಗ ಮಾಡಿಕೊಟ್ಟವು.

ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ನಡೆದುಬಂದಿದೆ. ಅದನ್ನು ಜನವರಿಯಲ್ಲೇ ಮಾಡುವುದಕ್ಕೆ ಕಾರಣವಿದೆ. ಆ ಹೊತ್ತಿಗೆ ವಲಸೆ ಹಕ್ಕಿಗಳು ಬಂದು ನೆಲೆನಿಂತಿರುತ್ತವೆ, ಮರಳುವ ಗಡಿಬಿಡಿ ಇನ್ನೂ ಶುರುವಾಗಿರುವುದಿಲ್ಲ. ಎಣಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಹತ್ತು ಹಕ್ಕಿ ಎಣಿಸಬೇಕು. ಆ ಹತ್ತು ಎಷ್ಟು ಜಾಗ ಹಿಡಿದಿದೆ ಎಂಬ ಅಳತೆಯನ್ನು ಕಣ್ಣಿಗೆ ಕಲಿಸಿ, ಅದೇ ಅಳತೆಯಲ್ಲಿ ಹಿಂಡಿನ ಆ ತುದಿ ಮುಟ್ಟಬೇಕು. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತಾಗಬಾರದು. ಎಲ್ಲರದೂ ಮುಗಿದ ಮೇಲೆ ತಾಳೆ ನೋಡಬೇಕು. ನಾವು ಹಾಗೆ ಎಣಿಸುತ್ತಿದ್ದಾಗಲೇ ಹುಡುಗಿ ಬೈನಾಕ್ಯುಲರ್ ಇಳಿಸದೆ ಹೇಳಿದಳು:

"ಸರ್, ಒಂದು ಹೆಬ್ಬಾತಿನ ಕುತ್ತಿಗೆಯಲ್ಲಿ ಏನೋ ಹಸಿರು ಕಟ್ಟಿದ್ದಾರೆ."

ಮೇಷ್ಟ್ರು ಆತುರಪಡಲಿಲ್ಲ. "ಕಟ್ಟಿದ್ದಾರೆ ಅನ್ನೋದು ಆಮೇಲೆ. ಏನು ಕಾಣ್ತಿದೆ, ಅಷ್ಟು ಹೇಳಮ್ಮ."

"ಹಸಿರು ಬಣ್ಣ. ಕತ್ತಿನ ಮಧ್ಯಕ್ಕೆ. ಸುತ್ತಲೂ ಇದೆ."

"ಸುತ್ತಲೂ ಕಂಡಿತಾ?"

ಅವಳು ಇನ್ನೊಮ್ಮೆ ನೋಡಿದಳು. "ಇಲ್ಲ ಸರ್. ಎಡಗಡೆ ಮಾತ್ರ ಕಾಣ್ತಿದೆ."

"ಹಾಗಾದ್ರೆ ಎಡಗಡೆ ಅಂತಲೇ ಬರಿ. ಗಂಟೆ ಎಷ್ಟು ಅಂತಲೂ ಹಾಕು."

ಪ್ಲಾಸ್ಟಿಕ್ಕಿನ ಚೂರು ಸಿಕ್ಕಿಕೊಂಡಿರಬಹುದೇ ಎಂದು ನಾನು ಕೇಳಿದೆ. ಕೆರೆಗಳಲ್ಲಿ ಅದೇನೂ ಅಪರೂಪವಲ್ಲ. ಮೂರುಕಾಲಿನ ಮೇಲೆ ಸ್ಪಾಟಿಂಗ್ ಸ್ಕೋಪ್ ಕೂರಿಸಿ, ಹಿಂಡಿನಲ್ಲಿ ಆ ಹಕ್ಕಿಯನ್ನು ಹುಡುಕಿ ಹಿಡಿದೆವು. ಅಗಲವಾದ ಬಳೆ ತೊಟ್ಟ ಹಾಗಿತ್ತು. ಅಂಚು ನೇರವಾಗಿತ್ತು, ಹರಿದ ಗುರುತಿರಲಿಲ್ಲ. ಅದರ ಮೇಲೆ ಬಿಳಿಯದೇನೋ ಇತ್ತು. ಬರಹವೇ ಇರಬೇಕು ಎಂದೆ. ಮೇಷ್ಟ್ರು ತಲೆಯಾಡಿಸಿ, "ಬಿಳಿ ಗುರುತು, ಓದಲಾಗಲಿಲ್ಲ" ಎಂದು ಎಡಗಡೆ ಬರೆದು, "ಸಂಖ್ಯೆ ಇರಬಹುದು" ಎಂಬುದನ್ನು ಬಲಗಡೆ ಬರೆದರು.

ಇಲ್ಲಿಗೆ ಬಂದಾಗ ಹುಡುಗರು ಕಥೆ ನಿಲ್ಲಿಸಿ ಕೇಳುತ್ತಾರೆ: ಕಾಡುಹಕ್ಕಿಯ ಕೊರಳಿಗೆ ಪಟ್ಟಿ ಯಾಕೆ? ಹೇಳಲೇಬೇಕಾದ ವಿಷಯ ಅದು. 1899ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಮಾರ್ಟೆನ್ಸನ್ ಎಂಬ ಶಾಲಾ ಶಿಕ್ಷಕ ಸ್ಟಾರ್ಲಿಂಗ್ ಹಕ್ಕಿಗಳ ಕಾಲಿಗೆ ಸಂಖ್ಯೆ ಕೊರೆದ ಅಲ್ಯುಮಿನಿಯಂ ಉಂಗುರ ತೊಡಿಸಿ ಹಾರಿಬಿಟ್ಟ. ಹಕ್ಕಿಗಳಿಗೆ ಕ್ರಮಬದ್ಧವಾಗಿ ಉಂಗುರ ತೊಡಿಸುವ ಕೆಲಸ ಶುರುವಾದದ್ದು ಅಲ್ಲಿಂದ. ನಮ್ಮಲ್ಲಿ ಆ ಕೆಲಸಕ್ಕೆ ಹೆಸರಾದದ್ದು 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. ಆದರೆ ಕಾಲಿನ ಉಂಗುರದ ಅಂಕಿ ಬಹಳ ಸಣ್ಣದು. ಹಕ್ಕಿ ಕೈಗೆ ಸಿಕ್ಕರೆ ಮಾತ್ರ ಓದಲು ಸಾಧ್ಯ. ಕೈಗೆ ಸಿಗುವುದೆಂದರೆ ಬಲೆಗೆ ಬಿದ್ದಾಗ, ಗುಂಡು ತಗುಲಿದಾಗ, ಇಲ್ಲವೇ ಸತ್ತು ಬಿದ್ದಾಗ. ಹೆಬ್ಬಾತಿನಂಥ ಉದ್ದ ಕತ್ತಿನ ದೊಡ್ಡ ಹಕ್ಕಿಗೆ ಕೊರಳಪಟ್ಟಿ ಹಾಕಿದರೆ ಬದುಕಿರುವ ಹಕ್ಕಿಯನ್ನು ಅದರ ಪಾಡಿಗೆ ಬಿಟ್ಟು ದೂರದಿಂದಲೇ ಓದಬಹುದು. ಓದುವವರಿಗೆ ತಾಳ್ಮೆಯೊಂದಿದ್ದರೆ ಸಾಕು.

ಆ ದಿನ ನಮಗೆ ಬೇಕಾಗಿದ್ದದ್ದೂ ಅದೇ. ನಾವು ಸ್ಕೋಪು ಸರಿಮಾಡಿಕೊಳ್ಳುವಷ್ಟರಲ್ಲಿ ಆ ಹೆಬ್ಬಾತು ಕತ್ತು ಹಿಂದಕ್ಕೆ ತಿರುಗಿಸಿ, ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿ ಮಲಗಿಬಿಟ್ಟಿತು. ಪಟ್ಟಿ ಪೂರ್ತಿ ಮುಚ್ಚಿಹೋಯಿತು. ಎಬ್ಬಿಸೋಣವೆಂದು ಯಾರೂ ಅನ್ನಲಿಲ್ಲ. ರಾತ್ರಿಯೆಲ್ಲ ಮೇಯ್ದು ಬಂದ ಹಕ್ಕಿಗೆ ಹಗಲಿನ ನಿದ್ದೆ ಬೇಕು. ನೋಡುವವರ ಅನುಕೂಲಕ್ಕೆ ಅದನ್ನು ಹಾರಿಸುವುದು ನಮ್ಮ ಗುಂಪಿನಲ್ಲಿ ಇವತ್ತಿಗೂ ಸಲ್ಲದ ಕೆಲಸ.

ಒಂಬತ್ತು ದಾಟಿದ ಮೇಲೆ ಬಿಸಿಲು ಏರಿತು. ಸ್ಕೋಪಿನಲ್ಲಿ 60 ಪಟ್ಟು ಹಿಗ್ಗಿಸಿ ನೋಡುವಾಗ ಹಕ್ಕಿಯ ಜೊತೆ ಬಿಸಿಗಾಳಿಯ ನಡುಕವೂ ಅಷ್ಟೇ ಹಿಗ್ಗುತ್ತದೆ. ಹಕ್ಕಿ ಎದ್ದು ಕತ್ತೆತ್ತಿದಾಗ ಪಟ್ಟಿ ಕಂಡಿತು, ಬಿಳಿ ಗುರುತೂ ಕಂಡಿತು. ಅಂಚೆಲ್ಲ ಅಲುಗುತ್ತ ಒಂದಕ್ಕೊಂದು ಬೆರೆತುಹೋಗಿತ್ತು. ಹುಡುಗಿ ತನ್ನ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳಲ್ಲೂ ಹಸಿರಿನ ಮೇಲೆ ಬಿಳಿ ಮಸುಕು ಬಿಟ್ಟರೆ ಬೇರೇನಿಲ್ಲ. ಅಷ್ಟರಲ್ಲಿ ಜೌಗು ಸೆಳೆವವೊಂದು ಜೊಂಡಿನ ಮೇಲೆ ತಗ್ಗಾಗಿ ತೇಲಿಬಂತು. ಸೂಜಿಬಾಲದ ಬಾತುಗಳು ಒಮ್ಮೆಲೇ ಎದ್ದವು, ಹಿಂದೆಯೇ ಹೆಬ್ಬಾತುಗಳೂ ಎದ್ದವು. ಕೆರೆಯ ಮೇಲೆ ಸುತ್ತು ಹಾಕಿ ಮತ್ತೆ ಇಳಿಯುವಾಗ ನಮ್ಮ ಹಕ್ಕಿ ಯಾವುದು, ಎಲ್ಲಿ ಎಂಬುದೇ ತಪ್ಪಿಹೋಯಿತು.

ಏರಿಯ ಮೇಲೆ ದನ ಮೇಯಿಸುತ್ತಿದ್ದ ಯಜಮಾನರೊಬ್ಬರು ಬೆಳಗಿನಿಂದ ನಮ್ಮನ್ನು ನೋಡುತ್ತಿದ್ದರು. ಹತ್ತಿರ ಬಂದು ಕೇಳಿದರು: "ಏನ್ ಹುಡುಕ್ತಿದ್ದೀರಿ ಸ್ವಾಮಿ?"

"ಯಜಮಾನ್ರೇ, ಒಂದು ಹೆಬ್ಬಾತಿಗೆ ಕತ್ತಲ್ಲಿ ಹಸಿರು ಪಟ್ಟಿ ಇದೆ. ಅದನ್ನ ಓದ್ಬೇಕು" ಎಂದರು ಮೇಷ್ಟ್ರು.

"ಹಸ್ರು ಪಟ್ಟೀದಾ? ಅದ ಆಗ್ಲಿಂದ್ಲೂ ನೋಡ್ತಿವ್ನಿ. ಇಲ್ಲಿಂದ ಕಾಣಕ್ಕಿಲ್ಲ ಸ್ವಾಮಿ. ಮೂರ್ ಗಂಟೆ ಮೇಲೆ ಅಗೋ ಆ ಜಾಲಿ ಮರದ ತಾವ್ಕೆ ಬತ್ತವೆ. ನೀರು ಇಳ್ದು ಎಳೆ ಹುಲ್ಲು ಬಂದದೆ ನೋಡಿ, ಅದ ಮೇಯಕ್ಕೆ."

ಮೇಷ್ಟ್ರು ಅಲ್ಲೇ ಕೂತು ಅವರನ್ನು ಮಾತಾಡಿಸಿದರು. ಹೆಬ್ಬಾತು ಯಾವಾಗ ಬರುತ್ತವೆ, ಯಾವಾಗ ಹೋಗುತ್ತವೆ, ರಾತ್ರಿ ಯಾವ ಕಡೆಯ ಗದ್ದೆಗೆ ಇಳಿಯುತ್ತವೆ, ಕುಯ್ಲಾದ ಮೇಲೆ ಉದುರಿದ ಕಾಳು ಆಯ್ದುಕೊಳ್ಳುತ್ತವೋ, ನಿಂತ ಬೆಳೆಗೆ ಬಾಯಿ ಹಾಕುತ್ತವೋ, ಎಲ್ಲ ಕೇಳಿದರು. ಶಿವರಾತ್ರಿ ಹೊತ್ತಿಗೆ ಹಿಂಡು ಕರಗಿಹೋಗುತ್ತದೆ ಎಂದರು ಯಜಮಾನರು. ಅವರು ಹೇಳಿದ್ದೆಲ್ಲ ನೋಟ್‌ಬುಕ್ಕಿನ ಬಲಗಡೆ ಸೇರಿತು. ಹೇಳಿದವರು ಯಾರು, ಯಾವ ಊರು, ಎಷ್ಟು ಕಾಲದಿಂದ ಈ ಕೆರೆ ನೋಡಿದವರು ಎಂಬುದೂ ಸೇರಿತು. ಬಲಗಡೆಯದ್ದು ಕಡಿಮೆ ಬೆಲೆಯದ್ದೆಂದು ಮೇಷ್ಟ್ರು ಎಂದೂ ತಿಳಿದವರಲ್ಲ. ಎಲ್ಲಿ ಹೋಗಿ ನೋಡಬೇಕು ಎಂಬುದನ್ನು ಹೇಳಿಕೊಡುವುದು ಆ ಬದಿಯೇ. ಅವತ್ತು ನಮಗೆ ದಾರಿ ತೋರಿಸಿದ್ದೂ ಅದೇ.

ಬುತ್ತಿ ಉಂಡು, ಕೆರೆಯ ಹಿಂಬದಿಗೆ ಸುತ್ತಿಕೊಂಡು ಹೋಗಿ, ಜಾಲಿ ಮರಗಳಿಂದ ದೂರ ಬಿಟ್ಟು ಒಂದು ಬೇಲಿಯ ಮರೆಯಲ್ಲಿ ಕೂತೆವು. ಸೂರ್ಯ ಬೆನ್ನ ಹಿಂದೆ ಬರುವ ಹಾಗೆ ಜಾಗ ನೋಡಿಕೊಂಡಿದ್ದೆವು. ಮೂರು ಗಂಟೆ ಕಳೆಯಿತು. ಯಜಮಾನರ ಮಾತು ಹುಸಿಯಾಗಲಿಲ್ಲ. ಮೊದಲು ಒಂದು ಜೋಡಿ ನೀರಿನಿಂದ ನಡೆದು ದಡಕ್ಕೆ ಬಂತು, ಆಮೇಲೆ ನಾಲ್ಕಾರು, ಆಮೇಲೆ ಸಾಲಾಗಿ. ಕತ್ತು ಬಗ್ಗಿಸಿ ಕಚಕಚನೆ ಹುಲ್ಲು ಕೀಳುವ ಸದ್ದು ನಮ್ಮವರೆಗೂ ಕೇಳುತ್ತಿತ್ತು. ಒಂದೆರಡು ಹಕ್ಕಿ ಮಾತ್ರ ತಲೆಯೆತ್ತಿ ಕಾವಲು ನಿಂತಿದ್ದವು. ಹಸಿರು ಪಟ್ಟಿಯದು ಕೊನೆಗೆ ಬಂತು.

ಮೇಷ್ಟ್ರು ಮೆಲ್ಲಗೆ ಹೇಳಿದರು: "ಯಾರೂ ಬಾಯಿ ಬಿಟ್ಟು ಹೇಳಬೇಡಿ. ಒಬ್ಬೊಬ್ಬರೇ ನೋಡಿ, ನಿಮ್ಮ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಒಬ್ಬರು ಎಂಟು ಅಂದರೆ ಇನ್ನೊಬ್ಬರ ಕಣ್ಣಿಗೂ ಎಂಟೇ ಕಾಣುತ್ತೆ."

ಮೊದಲು ಹುಡುಗಿ ನೋಡಿದಳು, ಆಮೇಲೆ ನಾನು, ಕೊನೆಗೆ ಮೇಷ್ಟ್ರು. ಹಸಿರಿನ ಮೇಲೆ ಬಿಳಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ. ಅಕ್ಷರದಲ್ಲೂ ಮೊದಲ ಅಂಕಿಯಲ್ಲೂ ಮೂವರ ಪುಸ್ತಕ ಒಂದೇ ಹೇಳಿತು. ಕೊನೆಯ ಅಂಕಿ ನನ್ನ ಪುಸ್ತಕದಲ್ಲಿ 3, ಹುಡುಗಿಯ ಪುಸ್ತಕದಲ್ಲಿ 8. ಮೇಷ್ಟ್ರು ಎರಡನ್ನೂ ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು.

ಒಂದು ಅಂಕಿ ತಾನೇ ಎಂದು ಹೊಸಬರಿಗೆ ಅನ್ನಿಸುತ್ತದೆ. ಆದರೆ 3 ಒಂದು ಹಕ್ಕಿ, 8 ಇನ್ನೊಂದು ಹಕ್ಕಿ. ಒಂದು ಬದುಕಿದೆ ಎಂದು ಬರೆಯಲು ಹೋಗಿ ಇನ್ನೊಂದರ ಹೆಸರಿನಲ್ಲಿ ಬರೆದರೆ, ಎಲ್ಲೋ ಕೂತು ಲೆಕ್ಕ ಹಾಕುವವರ ಪಟ್ಟಿಯಲ್ಲಿ ಸತ್ತದ್ದು ಬದುಕುತ್ತದೆ, ಬದುಕಿದ್ದು ಕಾಣೆಯಾಗುತ್ತದೆ. ಅದಕ್ಕೇ ಕಾದೆವು. ಹುಲ್ಲಿನ ಮಣ್ಣು ಅಂಟಿ ಪಟ್ಟಿಯ ಕೆಳಗಿನ ಅಂಚು ಮಸುಕಾಗಿತ್ತು. ಹಕ್ಕಿ ಮೇಯುತ್ತ ಮೇಯುತ್ತ ಬಲಕ್ಕೆ ತಿರುಗಿತು. ಪಟ್ಟಿಯ ಇನ್ನೊಂದು ಬದಿಯಲ್ಲೂ ಅದೇ ಬರಹವಿತ್ತು, ಆದರೆ ಕತ್ತಿನ ಗರಿ ಅಡ್ಡ ಬಂತು. ಆಮೇಲೆ ಪಕ್ಕದ ಹಕ್ಕಿ ತೀರಾ ಹತ್ತಿರ ಬಂದದ್ದಕ್ಕೆ ನಮ್ಮದು ಕತ್ತನ್ನು ನೆಟ್ಟಗೆ ಚಾಚಿ ಗದರಿಸಿತು. ಆ ಕ್ಷಣ ಸ್ಕೋಪಿನಲ್ಲಿದ್ದವಳು ಹುಡುಗಿ. ಏನೂ ಹೇಳದೆ ಸರಿದು ನನಗೆ ಜಾಗ ಬಿಟ್ಟಳು. ಎಡಬದಿಯ ಎರಡು ಸುತ್ತುಗಳೂ ಕೂಡಿಕೊಂಡಿದ್ದವು. ಎಂಟು. ಮೇಷ್ಟ್ರೂ ನೋಡಿದರು, ಎಂಟೇ ಎಂದು ಬರೆದರು. ಆಗ ಅವಳ ಮುಖದಲ್ಲಿ ಮೂಡಿದ ಸಂತೋಷವನ್ನು ನಾನು ಇವತ್ತಿಗೂ ಮರೆತಿಲ್ಲ.

ಸಂಖ್ಯೆ, ಪಟ್ಟಿಯ ಬಣ್ಣ, ಬರಹದ ಬಣ್ಣ, ದಿನ, ಗಂಟೆ, ಕೆರೆಯ ಅಕ್ಷಾಂಶ ರೇಖಾಂಶ, ಹಿಂಡಿನಲ್ಲಿದ್ದ ಹಕ್ಕಿಗಳ ಅಂದಾಜು, ಹಕ್ಕಿ ಏನು ಮಾಡುತ್ತಿತ್ತು, ಪಟ್ಟಿಯಿಂದ ಅದಕ್ಕೆ ತೊಂದರೆಯಾದಂತೆ ಕಂಡಿತೇ ಇಲ್ಲವೇ, ಇಷ್ಟನ್ನೂ ಬರೆದು ಮಿಂಚಂಚೆ ಕಳಿಸಿದೆವು. ಯಾವ ಬಣ್ಣದ ಪಟ್ಟಿ ಯಾವ ತಂಡದ್ದು ಎಂಬ ವಿವರ ಸಂಶೋಧಕರ ಬಳಿ ಇರುತ್ತದೆ. ಪತ್ರ ಒಬ್ಬರಿಂದ ಒಬ್ಬರಿಗೆ ದಾಟಿ ಸೇರಬೇಕಾದಲ್ಲಿಗೆ ಸೇರಿತು. ಉತ್ತರ ಬಂದದ್ದು ಮಂಗೋಲಿಯಾದಿಂದ. ಅಲ್ಲಿಯ ಒಂದು ಸರೋವರದಲ್ಲಿ, ಕೆಲವು ವರ್ಷಗಳ ಹಿಂದಿನ ಜುಲೈ ತಿಂಗಳಲ್ಲಿ ಆ ಹಕ್ಕಿಗೆ ಪಟ್ಟಿ ತೊಡಿಸಿದ್ದರು. ಆಗಲೇ ಅದು ಬೆಳೆದ ಹಕ್ಕಿ.

ಜುಲೈಯೇ ಯಾಕೆ ಅಂದರೆ, ಆ ಹೊತ್ತಿಗೆ ಹೆಬ್ಬಾತುಗಳು ರೆಕ್ಕೆಯ ದೊಡ್ಡ ಗರಿಗಳನ್ನು ಒಟ್ಟಿಗೇ ಉದುರಿಸುತ್ತವೆ. ಹೊಸ ಗರಿ ಬೆಳೆಯುವವರೆಗೆ ಹಾರಲಾಗುವುದಿಲ್ಲ. ಸಣ್ಣ ದೋಣಿಗಳಲ್ಲಿ ಹೋಗಿ ಅವನ್ನು ನಿಧಾನವಾಗಿ ದಡದ ಬಲೆಯ ಕಡೆಗೆ ಹೊಡೆದುಕೊಂಡು ಬಂದು, ತೂಕ ಅಳತೆ ನೋಡಿ, ಪಟ್ಟಿ ತೊಡಿಸಿ ಬಿಡುತ್ತಾರೆ. ಈ ಕೆಲಸಕ್ಕೆ ಒತ್ತು ಬಂದದ್ದಕ್ಕೆ ಒಂದು ದುಃಖದ ಕಾರಣವೂ ಇದೆ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಎಚ್5ಎನ್1 ಹಕ್ಕಿಜ್ವರ ಬಂದು ಸಾವಿರಾರು ಕಾಡುಹಕ್ಕಿಗಳು ಸತ್ತವು. ಅವುಗಳಲ್ಲಿ ಬಹುಪಾಲು ಪಟ್ಟೆತಲೆ ಹೆಬ್ಬಾತುಗಳೇ. ಎಲ್ಲಿಯ ಹಕ್ಕಿ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯದೆ ರೋಗದ ದಾರಿಯೂ ತಿಳಿಯದು.

ಮಂಗೋಲಿಯಾದಿಂದ ನಂಜನಗೂಡಿಗೆ ನೇರ ಗೆರೆ ಎಳೆದರೂ 4,000 ಕಿ.ಮೀ. ಮೀರುತ್ತದೆ. ನಡುವೆ ಟಿಬೆಟ್ಟಿನ ಪ್ರಸ್ಥಭೂಮಿ, ಹಿಮಾಲಯ. ಎರಡು ಮೂರು ಕಿಲೋ ತೂಗುವ ಈ ಹಕ್ಕಿ ರೆಕ್ಕೆ ಬಡಿಯುತ್ತಲೇ ಅದನ್ನು ದಾಟುತ್ತದೆ. ಉಪಗ್ರಹ ಸಾಧನ ಕಟ್ಟಿ ನೋಡಿದವರಿಗೆ 7,290 ಮೀಟರ್ ಎತ್ತರದಲ್ಲಿ ಹಾರಿದ ದಾಖಲೆ ಸಿಕ್ಕಿದೆ. ಹಿಮಾಲಯದ ಏರನ್ನು ಏಳೆಂಟು ಗಂಟೆಯಲ್ಲಿ ಮುಗಿಸುತ್ತವೆ. ಗಾಳಿ ತಣ್ಣಗೆ ಸಾಂದ್ರವಾಗಿರುವ ರಾತ್ರಿಯ ಹೊತ್ತನ್ನು ಹೆಚ್ಚಾಗಿ ಆರಿಸಿಕೊಳ್ಳುತ್ತವೆ. ಅವುಗಳ ರಕ್ತದ ಹಿಮೋಗ್ಲೋಬಿನ್ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲದು. ಮಂಗೋಲಿಯಾದ ಹೆಬ್ಬಾತುಗಳ ಮೈಯೊಳಗೆ ಹೃದಯ ಬಡಿತ ಅಳೆಯುವ ಯಂತ್ರವಿಟ್ಟು ನಡೆಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಒಂದೇ ಎತ್ತರ ಹಿಡಿದು ಹೋಗುವ ಬದಲು ಬೆಟ್ಟ ಏರಿದಲ್ಲಿ ಏರಿ, ಕಣಿವೆ ಇಳಿದಲ್ಲಿ ಇಳಿದು ಅವು ಶಕ್ತಿ ಉಳಿಸಿಕೊಳ್ಳುತ್ತವೆ ಎಂದು ಅದರಿಂದ ತಿಳಿಯಿತು.

ಉತ್ತರವನ್ನು ಮೇಷ್ಟ್ರು ಅಚ್ಚು ಹಾಕಿಸಿ ಯಜಮಾನರಿಗೆ ಒಯ್ದು ಓದಿ ಹೇಳಿದರು. ಅವರು ಪೂರ್ತಿ ಕೇಳಿ, "ಅಷ್ಟ್ ದೂರದಿಂದ ನಮ್ಮೂರ್ಗೆ ದಾರಿ ತಪ್ದೆ ಬತ್ತದಲ್ಲ ಸ್ವಾಮಿ!" ಎಂದರು. ಮಂಗೋಲಿಯಾಕ್ಕೆ ಹೋದ ನಮ್ಮ ಪತ್ರದಲ್ಲಿ ಅವರ ಸಹಾಯದ ಮಾತು ಇತ್ತೆಂದು ತಿಳಿದಾಗ ಸಂಕೋಚದಿಂದ ನಕ್ಕರು. ಆಮೇಲೆ ಹಕ್ಕಿ ಬಂದ ದಿನ, ಹೋದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಮೊಮ್ಮಗನಿಂದ ಗುರುತು ಹಾಕಿಸತೊಡಗಿದರು.

ಇಂಥ ಸಣ್ಣ ಸಣ್ಣ ಗುರುತುಗಳಿಂದಲೇ ದೊಡ್ಡ ತಿಳಿವಳಿಕೆ ಕೂಡುತ್ತದೆ. 1939-40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿ ಬರೆದಿಟ್ಟಿದ್ದರಿಂದ ಇವತ್ತು ನಾವು ಅಂದಿಗೂ ಇಂದಿಗೂ ಹೋಲಿಸಿ ನೋಡಬಹುದು. 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ 942 ಪ್ರಭೇದಗಳ ಸ್ಥಿತಿಗತಿ ಹೇಳಿತು. ಅದಕ್ಕೆ ಆಧಾರವಾದದ್ದು ಸುಮಾರು 30,000 ಹಕ್ಕಿ ವೀಕ್ಷಕರು ಬರೆದ 3 ಕೋಟಿ ದಾಖಲೆಗಳು. ಹೆಬ್ಬಾತುಗಳ ಇನ್ನೊಂದು ನೆಲೆಯಾದ ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಒಂದು ಕೆರೆಯ ಪರವಾಗಿ ವಾದಿಸಲು ಹೋದಾಗ ಮೊದಲು ಕೇಳುವ ಪ್ರಶ್ನೆ, ಅಲ್ಲಿ ಯಾವ ಹಕ್ಕಿ ಎಷ್ಟಿವೆ ಎಂಬುದು. ಬರೆದಿಟ್ಟವರಿದ್ದರೆ ಉತ್ತರವಿರುತ್ತದೆ.

ಮುಂದಿನ ಚಳಿಗಾಲದಲ್ಲಿ ಅದೇ ಬೇಲಿಯ ಮರೆಯಲ್ಲಿ ಕೂತು ಒಂದೊಂದು ಹೆಬ್ಬಾತಿನ ಕೊರಳನ್ನೂ ನೋಡಿದೆವು. ಹಸಿರು ಪಟ್ಟಿ ಕಾಣಲಿಲ್ಲ. ಬರೆಯಲು ಏನೂ ಇಲ್ಲವೆಂದು ಹುಡುಗಿ ಪುಸ್ತಕ ಮುಚ್ಚಲು ಹೊರಟಳು. ಮೇಷ್ಟ್ರು ತಡೆದು, ಎಷ್ಟು ಹೊತ್ತು ಹುಡುಕಿದೆವು, ಎಷ್ಟು ಹಕ್ಕಿಯ ಕತ್ತು ಸ್ಪಷ್ಟವಾಗಿ ಕಂಡಿತು, ಬೆಳಕು ಹೇಗಿತ್ತು ಎಂದು ಬರೆಸಿ, ಕೊನೆಯಲ್ಲಿ "ಪಟ್ಟಿಯ ಹಕ್ಕಿ ಕಾಣಲಿಲ್ಲ" ಎಂದು ಎಡಗಡೆಯೇ ಬರೆಸಿದರು. ಸತ್ತಿದೆ ಎಂದು ಬರೆಸಲಿಲ್ಲ, ಬೇರೆ ಕೆರೆಗೆ ಹೋಗಿರಬೇಕು ಎಂದೂ ಬರೆಸಲಿಲ್ಲ. ಹುಡುಕಿದರೂ ಕಾಣಲಿಲ್ಲ ಎಂಬುದು ಕಂಡಷ್ಟೇ ದೊಡ್ಡ ಮಾಹಿತಿ ಎಂದು ನಾನು ಕಲಿತದ್ದು ಆ ಸಾಲಿನಿಂದ. ನಮ್ಮ ಗುಂಪಿಗೆ ಹೊಸದಾಗಿ ಬಂದವರ ಕೈಗೆ ನಾನು ಮೊದಲು ಕೊಡುವುದು ನಡುವೆ ಗೆರೆ ಎಳೆದ ಒಂದು ನೋಟ್‌ಬುಕ್ಕು. ದುರ್ಬೀನು ಕೊಳ್ಳಲು ಇನ್ನೂ ಸಮಯವಿದೆ.